ಫ್ರೀವೀಲಿನ ನಾಯಿಗಳು

ಶಿಡ್ಲಘಟ್ಟದಲ್ಲಿ, ದಿಬ್ಬೂರಹಳ್ಳಿ ರಸ್ತೆಯಲ್ಲಿ
ದಸ್ತಗೀರ್ ಸಾಬರ ಅಂಗಡಿ:
ನಾಲ್ಕು ತಗಡು, ಒಂದು ಪಂಪು,
ಪಂಕ್ಚರ್ ನೋಡುವ ನೀರಿನ ಬಾಂಡ್ಲಿ.
ನಾನು ಅಲ್ಲಿ ಕೆಲಸ ಕಲಿಯುವ ಹುಡುಗ.
ಈವರೆಗೆ ಕಲಿತದ್ದು ಬೈಗುಳ ಮಾತ್ರ.

ವೆಂಕಟರವಣಮ್ಮ ಸೈಕಲ್ಲು ತಳ್ಳಿಕೊಂಡು ಬರಲಿಲ್ಲ,
ಹಿಂದಿನ ಚಕ್ರ ಎತ್ತಿಕೊಂಡು ಬಂದಳು,
ಹಟ ಹಿಡಿದ ಕರುವನ್ನು ತರುವ ಹಾಗೆ.
ಎಂಟನೇ ಕ್ಲಾಸಿನಲ್ಲಿ ಸರ್ಕಾರ ಕೊಟ್ಟದ್ದು.
ಆಮೇಲೆ ಮದುವೆ, ಆಮೇಲೆ ನೂಲು ಬಿಚ್ಚುವ ಕೆಲಸ.
ಗೂಡು ಬೇಯಿಸುವ ಒಲೆಯ ಪಕ್ಕದ ಗೋಡೆಗೆ ಒರಗಿ
ಹದಿನಾರು ವರ್ಷ ಆವಿ ಕುಡಿದಿದೆ.
ರಿಮ್ಮಿನ ತುಂಬ ಕೆಂಪು ಹುಣ್ಣು.
ಕಡ್ಡಿಗಳ ಬುಡದಲ್ಲಿ ಕಿಲುಬು,
ಹಿಪ್ಪುನೇರಳೆಯ ಹಸಿರಲ್ಲ,
ಹಿತ್ತಾಳೆ ಪಾತ್ರೆಯಲ್ಲಿ ಮರೆತ ಹುಳಿಯ ಹಸಿರು.

"ಯಾರಿಗಮ್ಮ ಇದು, ಮಗನಿಗಾ?"
"ನಂಗೆ. ಗೂಡಿನ ಮಾರ್ಕೆಟ್ಟಿಗೆ ಹೋಗಕ್ಕೆ."
ಸಾಬರು ಇನ್ನೇನೂ ಕೇಳಲಿಲ್ಲ.

ಸೀಮೆಎಣ್ಣೆ ಬಿಟ್ಟೆವು,
ಅಚ್ಚಿನ ಎರಡೂ ತುದಿಗೆ, ಕೋನಿಗೆ, ಫ್ರೀವೀಲಿನ ಸಂದಿಗೆ.
ಒಂದು ರಾತ್ರಿ. ಎರಡು ರಾತ್ರಿ.
ನನ್ನದು ಕಾಯುವ ಕೈಯಲ್ಲ.
ಸಾಬರು ನಮಾಜಿಗೆ ಹೋದ ಹೊತ್ತು ನೋಡಿ
ಪಾನಾ ಹಾಕಿ, ಪಾನಾಗೆ ಪೈಪು ಹಾಕಿ,
ಪೈಪಿನ ಮೇಲೆ ನಾನೇ ಕೂತೆ.
ನಟ್ಟಿನ ಆರು ಮೂಲೆಯೂ ಸವೆದು
ಗೋಲಿಯಾಯಿತು.

ಬಂದು ನೋಡಿದರು. ಬೈಯಲಿಲ್ಲ.
ನನಗೆ ಹೆದರಿಕೆಯಾದದ್ದೇ ಅದಕ್ಕೆ.
ಅರ ಹಿಡಿದು ಕೂತು
ನಟ್ಟಿಗೆ ಎರಡು ಹೊಸ ಮುಖ ಉಜ್ಜಿಕೊಟ್ಟರು.
"ಅದಕ್ಕೆ ನಿನ್ನ ಮೇಲೆ ಸಿಟ್ಟಿಲ್ಲ ಕಣೋ,
ತುಕ್ಕು ಹಿಡಿದಿದೆ, ಅಷ್ಟೆ."

ಮೂರನೇ ದಿನ ಅವಳೇ ಬಂದಳು.
ಬೆರಳ ತುದಿಗಳೆಲ್ಲ ಬಿಳಿಚಿ, ನೀರು ತಿಂದು ಸುಕ್ಕು.
ಬಟ್ಟೆ ಸುತ್ತಿದ ಡಬ್ಬಿಯಲ್ಲಿ ಕೊತಕೊತ ನೀರು,
ಬೆಂದ ಹುಳುವಿನ ವಾಸನೆ.
"ಗೂಡನ್ನ ನಾವು ಎಳೆಯಲ್ಲ.
ನೆನೀಬೇಕು. ತುದಿ ತಾನೇ ಮೇಲೆ ಬರ್ತದೆ.
ಹುಯ್ಯಿ, ಮೆಲ್ಲಗಾ."

ಮೊದಲು ನಟ್ಟಿಗೆ. ಕಿರ್ ಅಂತ ಒಮ್ಮೆ ಗೊಣಗಿ ಬಿಟ್ಟಿತು.
ಚಕ್ರ ಕಳಚಿ ಮಲಗಿಸಿ ಫ್ರೀವೀಲಿನ ಮೇಲೆ ಹುಯ್ದೆ.
ಆವಿ ಎದ್ದಿತು,
ಕುಡಿದದ್ದನ್ನೆಲ್ಲ ವಾಪಸು ಕೊಡುವ ಹಾಗೆ.
ಸಾಬರು ತಟ್ಟೆಯ ಗುಳಿಗೆ ಪಂಚು ಇಟ್ಟು
"ಯಾವ ಕಡೆ?" ಅಂದರು.
ಎಡಕ್ಕೆ, ಅಂದೆ. ಲೋಕವೆಲ್ಲ ಎಡಕ್ಕೇ ಬಿಚ್ಚುತ್ತದೆ.
"ಈ ತಟ್ಟೆ ಬಲಕ್ಕೆ.
ಬಿಗಿ ಮಾಡ್ತಿದ್ದೀನಿ ಅಂದ್ಕೊಂಡು ಹೊಡಿ."

ಟಣ್. ಟಣ್. ಟಣ್.
ನಾಲ್ಕನೆಯದಕ್ಕೆ ಸದ್ದು ದಪ್ಪವಾಯಿತು.
ಕೂದಲೆಳೆಯಷ್ಟು ಸರಿದಿತ್ತು.

ಒಳಗೆ ಕೆಂಪು ಕೆಸರು,
ಸಾಸಿವೆಗಿಂತ ಕೊಂಚ ದೊಡ್ಡ ಗುಂಡುಗಳು,
ಮತ್ತೆ ಕಬ್ಬಿಣದ ಎರಡು ಪುಟ್ಟ ನಾಲಗೆ.
ಸಾಬರು ಅವಕ್ಕೆ ನಾಯಿ ಅಂತಾರೆ.
ತುಳಿದರೆ ಕಚ್ಚಿ ಹಿಡಿಯಬೇಕು,
ಕಾಲು ಸುಮ್ಮನಾದರೆ ಬಿಟ್ಟುಕೊಡಬೇಕು,
ಟಿಕಟಿಕ ಬೊಗಳುತ್ತ.
ಎರಡೂ ಮಲಗಿದ್ದವು. ಅಡಿಯ ಸ್ಪ್ರಿಂಗು ಮಣ್ಣಾಗಿತ್ತು.
ಹಳೇ ಬ್ರೇಕಿನ ಕೇಬಲ್ಲಿಂದ ಒಂದೆಳೆ ಕಿತ್ತು
ಹಲ್ಲಲ್ಲಿ ಕಚ್ಚಿ ಬಗ್ಗಿಸಿದರು ಸಾಬರು.
ಅವಳು ಗ್ರೀಸು ಹಚ್ಚಿದಳು, ಬೇಡವೆಂದರೂ.
ಗುಂಡುಗಳನ್ನು ಒಂದೊಂದಾಗಿ ಕೂರಿಸಿದ್ದೂ ಅವಳೇ.
ನನ್ನ ಬೆರಳಿಗೆ ಸಿಗುತ್ತಿರಲಿಲ್ಲ ಅವು.

ಸೀಟು ಮಾತ್ರ ಏಳಲಿಲ್ಲ.
ಅದರ ಕಂಬ ಚೌಕಟ್ಟಿಗೆ ಬೆಸೆದುಹೋಗಿತ್ತು
ಹದಿಮೂರು ವರ್ಷದ ಹುಡುಗಿಯ ಎತ್ತರದಲ್ಲಿ.
"ಕುಯ್ದು ಬೇರೆ ಹಾಕ್ತೀನಿ."
ಬೇಡ ಅಂದಳು.
ನೂರಿಪ್ಪತ್ತು ಕೊಟ್ಟು, ಜಗಳವಾಡಿ
ಹತ್ತು ವಾಪಸು ಇಸಕೊಂಡು,
ಸೀರೆ ಎತ್ತಿ ಕಟ್ಟಿ ಹತ್ತಿದಳು.

ಮೊಣಕಾಲು ಎರಡೂ ಹ್ಯಾಂಡಲಿಗೆ ತಾಗುತ್ತಿದ್ದವು.
ಮೊದಲು ಚರಂಡಿ ಕಡೆ, ಆಮೇಲೆ ಲಾರಿ ಕಡೆ,
ಆಮೇಲೆ ನೆಟ್ಟಗೆ.
ಇಳಿಜಾರಿನಲ್ಲಿ ತುಳಿಯುವುದು ಬಿಟ್ಟಳು.
ಎರಡೂ ಬೊಗಳಿದವು.

ಸಾಬರು ತಲೆ ಎತ್ತದೆ ಅಂದರು:
"ಬಾಂಡ್ಲಿ ನೀರು ಚೆಲ್ಲಿ ಬಾ."