ಮಾರ್ಗಶಿರದ ಸೆಕೆ

ಲಷ್ಕರ್ ಮೊಹಲ್ಲಾದ ನಮ್ಮ ಮೂರಂತಸ್ತಿನ ಕಟ್ಟಡದಲ್ಲಿ
ಮಾರ್ಗಶಿರದ ಚಳಿಯಲ್ಲೂ ಎಲ್ಲರಿಗೂ ಸೆಕೆ.
ನಲ್ಲಿಯ ಕೆಳಗೆ ಬಿಂದಿಗೆ ಇಟ್ಟು ಕಾಯುವಾಗ ಕೇಳಿದೆ:
"ರಾತ್ರಿ ಎರಡರಲ್ಲಿ ನಿಮ್ಮನೇಲಿ ಲೈಟ್ ಉರೀತಿತ್ತಲ್ಲ?"
"ಸೆಕೆ ಕಣಮ್ಮ, ನಿದ್ದೇನೇ ಹತ್ತಲ್ಲ,"
ಅಂದರು ಪಕ್ಕದ ಮನೆಯ ಮಾದಪ್ಪನವರು
ಮಫ್ಲರನ್ನು ಇನ್ನೊಂದು ಸುತ್ತು ಬಿಗಿದುಕೊಳ್ಳುತ್ತ.
ನಮಗೂ ಹಾಗೇ, ಅಂದೆ.

ನಾನು ಊದುಬತ್ತಿ ಕಾರ್ಖಾನೆಯಲ್ಲಿ ಪ್ಯಾಕಿಂಗಿನವಳು.
ಹನ್ನೊಂದು ವರ್ಷದ ಗಂಧ, ಕೇದಗೆ, ಮಲ್ಲಿಗೆಯ ಪುಡಿ
ಮೂಗಿನೊಳಗೇ ಬಿಡಾರ ಹೂಡಿದೆ.
ತಿಗಣೆಗೆ ಒಂದು ವಾಸನೆ ಇದೆಯಂತೆ,
ಬಾಡಿದ ಕೊತ್ತಂಬರಿಯನ್ನು ಅಂಗೈಯಲ್ಲಿ ತಿಕ್ಕಿದ ಹಾಗೆ;
ಬೇರೆಯವರು ಬಾಗಿಲಲ್ಲೇ ಹಿಡಿದುಬಿಡುತ್ತಾರೆ.
ನನಗೆ ನನ್ನ ಮನೆ
ದೇವರ ಗೂಡಿನ ಹಾಗೆ ಘಮಗುಡುತ್ತಿತ್ತು.

ಪತ್ತೆ ಮಾಡಿದವಳು ಮಗಳು.
ತೋಳ ಮೇಲೆ ಮೂರು ಚುಕ್ಕಿ, ಸಾಲಾಗಿ.
ಮಾರನೆಯ ದಿನ ಐದು.
ಆರನೇ ಕ್ಲಾಸಿನ ಹೇಮಶ್ರೀ ನೀಲಿ ಪೆನ್ನು ಹಿಡಿದು
ಚುಕ್ಕಿಗೆ ಚುಕ್ಕಿ ಸೇರಿಸಿ
ರಂಗೋಲಿ ಬಿಡಿಸಿಕೊಂಡು ಸ್ಕೂಲಿಗೆ ಹೊರಟಳು.
ತೊಳೆಯೇ ಅಂದೆ. ಹೊಡೆಯಲು ಕೈ ಎತ್ತಿದೆ.
ಆಮೇಲೆ ಉದ್ದ ತೋಳಿನ ಸ್ವೆಟರ್ ಹಾಕಿ ಕಳಿಸಿದೆ.

ಮಂಚದ ಕಾಲುಗಳನ್ನು ಸೀಮೆಎಣ್ಣೆ ಬಟ್ಟಲಲ್ಲಿ ನಿಲ್ಲಿಸಿದರೆ
ಅವು ಸೂರಿಗೆ ಹತ್ತಿ ಮೇಲಿಂದ ಉದುರಿದವು.
ಕುದಿಯುವ ನೀರು, ಬೇವಿನೆಣ್ಣೆ, ಬಜೆ ಪುಡಿ,
ಕೊನೆಗೆ ಕಾರ್ಖಾನೆಯ ಒಡೆದ ಬತ್ತಿಗಳ ಹೊಗೆ.
ಹೊಗೆಗೆ ಕೆಮ್ಮಿದವಳು ನಾನು.
ಟಾರ್ಚು ಬಾಯಲ್ಲಿ ಕಚ್ಚಿ, ಸೂಜಿಯಲ್ಲಿ ಸಂದು ಕೆದಕಿದ ರಾತ್ರಿ
ಒಂದು ಸಿಕ್ಕಿತು, ಚನ್ನಂಗಿ ಬೇಳೆಯಷ್ಟು.
ಉಗುರಲ್ಲಿ ಒರೆದಾಗ ಬಂದ ರಕ್ತ
ನನ್ನದೋ, ಮಗಳದೋ,
ಗೋಡೆಯಾಚೆ ಮಗ್ಗುಲು ಬದಲಿಸುವ ಮಾದಪ್ಪನವರದೋ.

ಔಷಧಿ ಹೊಡೆಯುವ ಯಾಕೂಬ್ ಬಂದ.
ವೈರಿನ ಕೊಳವೆಯ ತೂತಿಗೆ ಕಣ್ಣಿಟ್ಟು ನೋಡಿದ.
"ನಿಮ್ಮೊಂದು ಮನೆಗೆ ಹೊಡೆದ್ರೆ ಪಕ್ಕದ ಮನೆಗೆ ನೆಂಟಸ್ತನಕ್ಕೆ ಹೋಗ್ತವೆ ಅಕ್ಕ,
ವಾರ ಬಿಟ್ಟು ವಾಪಸ್ ಬರ್ತವೆ.
ಹನ್ನೆರಡೂ ಮನೆ, ಒಂದೇ ದಿನ. ಎಲ್ಲರ ಹತ್ರ ಮಾತಾಡಿ."
ಮಾತಾಡಿ ಅಂದುಬಿಟ್ಟ,
ಪಂಪಿನ ನಳಿಗೆ ಸುತ್ತಿಕೊಂಡು ಹೊರಟೇಹೋದ.

ಸಾಲ ಇದ್ದರೆ ಹೇಳಬಹುದು.
ಗಂಡ ಬಿಟ್ಟದ್ದನ್ನೂ ಮೆಟ್ಟಿಲ ಮೇಲೆ ಕೂತು ಹೇಳಿ ಆಗಿದೆ.
ಈ ಮೂರಕ್ಷರ ಮಾತ್ರ ನಾಲಗೆಯ ಅಡಿಯಲ್ಲಿ ಅಡಗಿತ್ತು,
ಬೆಳಕು ಬಿದ್ದೊಡನೆ ಸರಕ್ಕನೆ ಒಳಗೆ.

ಆ ಶನಿವಾರ ಚಾಪೆಯನ್ನು ಕಂಕುಳಲ್ಲಿಟ್ಟು
ಮಗಳ ಕೈ ಹಿಡಿದು ಟೆರೇಸಿಗೆ ಹತ್ತಿದೆ.
ನೀರಿನ ಟ್ಯಾಂಕಿನ ಬುಡದಲ್ಲಿ ಆಗಲೇ ಮೂರು ಕಂಬಳಿ ಮೂಟೆ:
ಮಾದಪ್ಪನವರು,
ಬಾಡಿಗೆ ವಸೂಲಿಯ ನಿಂಗೇಗೌಡರ ಹೆಂಡತಿ,
ಜಪಮಾಲೆ ಸಮೇತ ಲೂರ್ದಮ್ಮ.
ಬೀದಿಯಲ್ಲಿ ಮಂಜು. ನಾಯಿಗಳೂ ಮುದುಡಿದ್ದವು.
"ಸೆಕೆ," ಅಂದೆ.
"ಹೂಂ, ವಿಪರೀತ," ಅಂದರು, ಹಲ್ಲು ಕಟಕಟ.
ಸ್ವಲ್ಪ ಹೊತ್ತು ಯಾರೂ ಯಾರ ಮುಖವನ್ನೂ ನೋಡಲಿಲ್ಲ.
ಆಮೇಲೆ ಕಂಬಳಿಯೊಳಗಿಂದ ಲೂರ್ದಮ್ಮನ ದನಿ:
"ತಿಗಣೆ ಮುಂಡೇವು."

ಮೊದಲು ನಕ್ಕವಳು ನನ್ನ ಮಗಳು.
ಸ್ವೆಟರಿನ ತೋಳು ಮಡಚಿ ರಂಗೋಲಿ ತೋರಿಸಿದಳು.
ಮಾದಪ್ಪನವರು ಮಫ್ಲರ್ ಬಿಚ್ಚಿ ಕತ್ತು ತೋರಿಸಿದರು.
ಗೌಡರ ಹೆಂಡತಿ, ತೋರಿಸುವಂಥ ಜಾಗವಲ್ಲವೋ ಏನೋ,
ಸೆರಗನ್ನು ಬಾಯಿಗೊತ್ತಿ ಅತ್ತರೋ ನಕ್ಕರೋ ತಿಳಿಯಲಿಲ್ಲ.

ಮುಂದಿನ ಭಾನುವಾರ ಹನ್ನೆರಡು ಮನೆಯ ಹಾಸಿಗೆ ಬಿಸಿಲಿಗೆ ಬಂತು.
ಯಾರ ಗಾದಿಗೆ ಎಂಥ ಕಲೆ, ಯಾರ ದಿಂಬಿಗೆ ಎಷ್ಟು ತೇಪೆ,
ಎಲ್ಲ ಬಟಾಬಯಲು.
ಮೂಗಿಗೆ ಬಟ್ಟೆ ಕಟ್ಟಿದ ಯಾಕೂಬ್ ಕೆಳಗಿನಿಂದ ಹೊಡೆಯುತ್ತ ಬಂದು
"ಮೊಟ್ಟೆ ಸಾಯಲ್ಲ, ಹದಿನೈದು ದಿನಕ್ಕೆ ಇನ್ನೊಂದ್ಸಲ," ಅಂದ.
ಬಂದ. ಹೊಡೆದ. ಹೋದ.

ಈಗ ಚೈತ್ರ.
ಮೆಟ್ಟಿಲ ತಿರುವಿನಲ್ಲಿ ಲೂರ್ದಮ್ಮ
ಹಳೇ ಕ್ಯಾಲೆಂಡರಿನ ರಟ್ಟು ಬೀಸಿಕೊಳ್ಳುತ್ತ
"ಅಬ್ಬಬ್ಬಾ, ಏನು ಸೆಕೆ" ಅಂದರು.
ಹತ್ತುತ್ತಿದ್ದವರು, ಇಳಿಯುತ್ತಿದ್ದವರು,
ಇದ್ದಲ್ಲೇ ನಿಂತೆವು
ಒಬ್ಬರ ತೋಳನ್ನೊಬ್ಬರು ನೋಡುತ್ತ.