ತೋಳಿನ ಅಳತೆ

ನಿಲುವಂಗಿ ವಿಮಾನದಲ್ಲಿ ಬಂತು,
ಎರಡು ಮೂಟೆ ಆಲೂಗಡ್ಡೆ, ಕ್ಲಿನಿಕ್ಕಿನ ಔಷಧಿಗಳ ಜೊತೆ.
ಬಿಡಿಸಿ ಹಿಡಿದರೆ ಅಕ್ಕ ಯೂನೀಸಳ ಪಾದ ದಾಟಿ
ನೆಲದ ಮೇಲೆ ಇನ್ನೊಂದು ಗೇಣು.
ಆರಡಿ ಗಂಡಸಿನ ಅಳತೆಗೆ ಹೊಲಿದದ್ದು.
"ಇರಲಿ ಬಿಡು, ಬೆಳೀತೀನಿ" ಅಂದಳು.
ಅವಳಿಗೆ ಎಪ್ಪತ್ತೊಂದು.

ನಾನು ಕತ್ತರಿ ತಗೊಂಡೆ.

ಪೀಲ್ ನದಿ ಹೆಪ್ಪುಗಟ್ಟುವ ಮೊದಲೇ
ಪಾದ್ರಿಗಳು ದಕ್ಷಿಣಕ್ಕೆ ಹೊರಟುಬಿಡುತ್ತಿದ್ದರು.
ಆಮೇಲೆ ಎಂಟು ತಿಂಗಳು
ಒಲೆ ಹಚ್ಚಿದವಳು, ಗಂಟೆ ಹೊಡೆದವಳು,
ಕೂಸಿನ ನೆತ್ತಿಗೆ ನೀರು ಮುಟ್ಟಿಸಿದವಳು,
ಕಲ್ಲಾದ ನೆಲಕ್ಕೆ ಎರಡು ದಿನ ಬೆಂಕಿ ಇಟ್ಟು
ಗುಂಡಿ ತೋಡಿಸಿ, ಸತ್ತವರಿಗೆ
ಗ್ವಿಚಿನ್ ಮಾತಲ್ಲಿ ದಾರಿ ಹೇಳಿದವಳು ಇವಳೇ.
ದಾಖಲೆ ಪುಸ್ತಕದಲ್ಲಿ ಮಾತ್ರ ಆ ತಿಂಗಳುಗಳೆದುರು
ಒಂದೇ ಬರಹ: ಪಾದ್ರಿ ಇಲ್ಲ.

ಹೆಗಲ ಪಟ್ಟಿಗೆ ಅವರ ರೇಷ್ಮೆ ಬೇಡವೆಂದೆ.
ಅಳಿಯ ಹೊಡೆದ ಮೂಸ್‌ನ ತೊಗಲು,
ನಾನೇ ಕೆರೆದು, ಮಿದುಳು ತಿಕ್ಕಿ,
ಲಡ್ಡು ಕಟ್ಟಿಗೆಯ ಹೊಗೆಗೆ ಹಿಡಿದದ್ದು.
ಅಂಚಿಗೆ ಮಣಿಯ ಕಾಡುಗುಲಾಬಿ.
ಒಂದೆಲೆ ಸೊಟ್ಟಗಿದೆ, ಆ ರಾತ್ರಿ ಕರೆಂಟಿರಲಿಲ್ಲ.

ಆ ವಾಸನೆ.
ವಸತಿಶಾಲೆಯ ಬಾಗಿಲಲ್ಲಿ ನಮ್ಮ ತೊಗಲ ಮೆಟ್ಟು ಬಿಚ್ಚಿಸಿ
ಇಕ್ಕಳದಲ್ಲಿ ಎತ್ತಿ ಒಲೆಗೆ ಹಾಕಿದರು, ಮೂಗು ಮುಚ್ಚಿಕೊಂಡು.
ಯೂನೀಸ್‌ಗೆ ಏಳು. ನನಗೆ ಐದು.
ಸುಡುವಾಗ ಅಮ್ಮನ ವಾಸನೆ
ಇನ್ನೂ ಜೋರಾಗಿ ಬಂತು.

ಇವತ್ತು ಅದು ಬಲಿಪೀಠದಿಂದ ಬರುತ್ತಿದೆ.
ಹಿಂದಿನ ಬೆಂಚಿನ ಮುದುಕರು
ಉಸಿರು ಎಳೆದುಕೊಳ್ಳುವುದು ಕೇಳಿಸುತ್ತಿದೆ.

ಬಿಷಪ್ಪರು ಕೇಳಿದರು: "ದೇವರ ಕರೆ ನಿಮಗೆ ಯಾವಾಗ ಬಂತು?"
ಅಕ್ಕ ನಮ್ಮ ಭಾಷೆಯಲ್ಲಿ ಏನೋ ಅಂದಳು.
ಬೆಂಚುಗಳೆಲ್ಲ ನಕ್ಕವು. ದುಭಾಷಿ ಹುಡುಗ ಕೆಮ್ಮಿದ:
"ಬಂದು ಬಹಳ ಕಾಲವಾಯಿತಂತೆ.
ನಿಮಗೆ ಈಗ ಕೇಳಿಸಿತಾ ಅಂತ ಕೇಳ್ತಿದ್ದಾರೆ."

ಹೊರಗೆ ಮೈನಸ್ ನಲವತ್ತು.
ದ್ರಾಕ್ಷಾರಸ ಗಡ್ಡೆಕಟ್ಟಬಾರದೆಂದು
ಬೆಳಗಿನಿಂದ ಸೀಸೆಯನ್ನು ಕಂಕುಳಲ್ಲೇ ಇಟ್ಟುಕೊಂಡಿದ್ದಳು,
ಹಳೆಯ ಅಭ್ಯಾಸ.
ಬಟ್ಟಲು ನನ್ನ ತುಟಿಗೆ ಬಂದಾಗ
ಅದರಲ್ಲಿ ಅವಳ ಮೈಯ ಬಿಸಿ ಇತ್ತು.

ಆಶೀರ್ವಾದಕ್ಕೆ ಕೈ ಎತ್ತಿದಾಗಲೇ ಕಂಡದ್ದು:
ಎಡದ ತೋಳು ಅರ್ಧ ಇಂಚು ಗಿಡ್ಡ.
ನಾನು ಯಾರಿಗೂ ಹೇಳಲಿಲ್ಲ.

ಮನೆಗೆ ಬಂದು ಅಂಗಿ ಕಳಚಿ ಮಡಿಲಿಗೆ ಹಾಕಿದಳು:
"ಡೊರ್ಕಸ್, ತೋಳು ಬಿಚ್ಚಿ ಹೊಲಿ, ನಾಳಿದ್ದು ದೀಕ್ಷಾಸ್ನಾನವಿದೆ.
ಬಿಷಪ್ಪರ ವಿಮಾನ ಸ್ಟಾರ್ಟ್ ಆಗ್ತಿಲ್ಲವಂತೆ,
ಸಾರಿಗೆ ಇನ್ನಷ್ಟು ನೀರು ಹಾಕು."