ಕಿವಿಯ ಕೆಲಸ

ನನ್ನ ಕೆಲಸ ಕೇಳುವುದು.
ಮೂವತ್ತೊಂದು ವರ್ಷ, ಇದೇ ಮಂಜಿನ ಬಯಲಲ್ಲಿ,
ಮೊದೇನಾ ದಾಟಿದ ಮೇಲೆ ಬಲಕ್ಕೆ ಸಿಗುವ
ತಾರ್ವಿಸಾನಿ ಕಾರ್ಖಾನೆಯ ಏಳನೇ ಕೋಣೆಯಲ್ಲಿ
ಹನ್ನೆರಡು ಸಿಲಿಂಡರುಗಳ ಕೊರಳು ತಿದ್ದುವುದು.
ಇಲ್ಲೊಂದು ತಡೆ, ಅಲ್ಲೊಂದು ತೂತು,
ಹೊಗೆಕೊಳವೆಯ ಬಾಗು ಒಂದು ಬೆರಳಷ್ಟು ಸಡಿಲ.
ಆಗ ಅದು ಗುಡುಗುತ್ತದೆ.
ದುಬೈಯಲ್ಲಿ ಯಾವನೋ ಕಣ್ಣು ಮುಚ್ಚಿ ಸಹಿ ಹಾಕುತ್ತಾನೆ.

ಆ ಗುಡುಗು ನನ್ನದು. ಕಾರು ನನ್ನದಲ್ಲ.
ನಾನು ಮನೆಗೆ ಹೋಗುವುದು ಸೈಕಲ್ಲಿನಲ್ಲಿ,
ಅದರ ಚೈನು ಕಿರುಗುಟ್ಟುತ್ತದೆ,
ಎಣ್ಣೆ ಬಿಡಲು ಮರೆಯುತ್ತೇನೆ.

ಚಳಿ ಬಿಟ್ಟ ಮೇಲೆ ಒಂದು ಸೋಮವಾರ ಅದನ್ನು ತಂದರು,
ಬಿಳಿ ಬಟ್ಟೆ ಹೊದಿಸಿ.
ಸರಿಸಿದರೆ ಕಾರು.
ಕಾರೆಂದರೆ ಕಾರೇ, ಎರಡು ಬಾಗಿಲು, ನಾಲ್ಕು ಗಾಲಿ,
ಉದ್ದ ನಮ್ಮ ಊಟದ ಮೇಜಿಗಿಂತ ತುಸು ಹೆಚ್ಚು.
ಮೂತಿಯ ಮೇಲೆ ಮಾತ್ರ ನಮ್ಮದೇ ಚಿನ್ನದ ಗಿಡುಗ.
ಗುಬ್ಬಿಗೆ ಯಾರೋ ಗಿಡುಗನ ಕೊಕ್ಕು ಅಂಟಿಸಿದ್ದರು.
"ಬೆಟ್ಟ ಅಗೆದದ್ದಾಯಿತು" ಅಂದ ಬೆಸುಗೆಯ ವಾಲ್ತೆರ್.
ಇಲಿಯ ಮಾತು ಯಾರೂ ಎತ್ತಲಿಲ್ಲ,
ಎತ್ತಬೇಕಾಗಿಯೂ ಇರಲಿಲ್ಲ.

ಸೀಟು ಹೊಲಿಯುವ ಓರ್ನೆಲ್ಲಾ ಒಳಗೆ ಕೂತಳು,
"ನನ್ನ ಹೊಲಿಗೆಗೆ ಇದರಲ್ಲಿ ಜಾಗವೆಲ್ಲಿ?" ಅಂದಳು.
ಆಮೇಲೆ ಬಹಳ ಹೊತ್ತು ಇಳಿಯಲಿಲ್ಲ.

ಮಿಲಾನಿನಿಂದ ಬಂದ ಹುಡುಗ ಲಾಪೋ,
ಕಾಲುಚೀಲವಿಲ್ಲದ ಬೂಟು,
ಗೋಡೆಯ ತುಂಬ ಅಂಕಿ ಚೆಲ್ಲಿದ:
ಹೊಗೆಯ ಸರಾಸರಿ, ಬ್ರಸೆಲ್ಸಿನ ದಂಡ,
ದೊಡ್ಡದೊಂದು ಉಗುಳಿದ್ದಕ್ಕೆ
ಚಿಕ್ಕವಿಪ್ಪತ್ತು ಬಾಯಿ ಕಟ್ಟಬೇಕು.
ಓಹೋ, ಹಬ್ಬ ಅದರದು, ಉಪವಾಸ ಇದರದು.
"ಎರ್ಮೆತೆ, ಇದಕ್ಕೊಂದು ದನಿ ಕೊಡಿ.
ಸಿಂಹದ್ದು. ಸ್ಪೀಕರಿನಲ್ಲಿ ಬಂದರೂ ಪರವಾಗಿಲ್ಲ."

ಆ ರಾತ್ರಿ ಒಬ್ಬನೇ ಬಾನೆಟ್ಟಿಗೆ ಕಿವಿಯಿಟ್ಟೆ.
ಮೂರೇ ಸಿಲಿಂಡರು. ಗುಡುಗಿಲ್ಲ, ಗತ್ತಿಲ್ಲ.
ಟಿಕಿಟಿಕಿ ಟಿಕಿಟಿಕಿ, ನಡುನಡುವೆ ಒಂದು ನಿಟ್ಟುಸಿರು.
ಎಲ್ಲೋ ಕೇಳಿದ ಸದ್ದು. ಎಲ್ಲಿ?
ಎರಡು ಗಂಟೆಯ ಹೊತ್ತಿಗೆ ಹೊಳೆಯಿತು:
ಕಾರ್ಪಿಯ ಬಾಡಿಗೆ ಕೋಣೆ, ಅಮ್ಮನ ಹೊಲಿಗೆ ಯಂತ್ರ,
ಡಜನ್ನಿಗೆ ಇಷ್ಟು ಲೀರಾ ಎಂದು ಅಂಗಿಯ ಕಾಲರು,
ದೀಪ ಆರಿಸದೆ, ತುಳಿದೇ ತುಳಿದು.
ಮೇಜಿನ ಕೆಳಗೆ ಕತ್ತರಿಸಿದ ಚೂರುಗಳ ಮೇಲೆ ಮಲಗಿದ ನಾನು.
ಕಿವಿ ಮೊದಲು ಕಲಿತದ್ದು ಅದನ್ನ.
ಗುಡುಗು ಆಮೇಲೆ, ಸಂಬಳಕ್ಕೆ.

ಇದನ್ನೆಲ್ಲ ವರದಿಯಲ್ಲಿ ಬರೆಯಲಾಗುತ್ತದೆಯೆ?
"ದನಿ ಇದೆ. ತಿದ್ದುವುದು ಬೇಡ." ಅಷ್ಟೆ ಬರೆದೆ.
ಲಾಪೋ ಸಿಟ್ಟಾದ. ಸ್ಪೀಕರು ಬೇರೆ ಊರಿಂದ ಬಂತು.
ಗುಂಡಿ ಒತ್ತಿದರೆ ಸಿಂಹ,
ನೆಗಡಿಯಾದ ಬೆಕ್ಕಿನ ಹಾಗೆ.

ಮಾರಾಟ? ಉಳ್ಳವರು ನಾಯಿ ತಿರುಗಾಡಿಸಲೆಂದು
ಒಂದೊಂದು ಕೊಂಡರು.
ಇಲ್ಲದವರು ಬೆಲೆ ಕೇಳಿ ನಕ್ಕರು.
ಎರಡು ಚಳಿಗಾಲ ಕಳೆದು ಆ ಸಾಲಿನ ದೀಪ ಆರಿಸಿದರು.

ಬಾಗಿಲಿಗೆ ಗೀರು ಬಿದ್ದ ಒಂದು, ಪ್ರಯೋಗಕ್ಕೆಂದು ಇಟ್ಟದ್ದು,
ನಿವೃತ್ತಿಯ ದಿನ ನನಗೆ ಕೊಟ್ಟರು, ಗಡಿಯಾರದ ಬದಲು.
ಸಿಂಹದ ತಂತಿಯನ್ನು ಅಂದೇ ಕಿತ್ತೆ.

ಶನಿವಾರ ನೀವೆಸ್‌ಳನ್ನು ಕೂರಿಸಿಕೊಂಡು ಸಂತೆಗೆ ಹೊರಟೆ.
ಕಮಾನುಗಳ ಬೀದಿ, ಮೀನಿನ ಗಾಡಿ, ಕೊಡೆ, ಮಕ್ಕಳು,
ಎಲ್ಲದರ ನಡುವೆ ಸೂಜಿಯ ಕಣ್ಣಲ್ಲಿ ದಾರ ಹಾಯಿಸಿದ ಹಾಗೆ.
ನೀವೆಸ್ ಏನೋ ಅಂದಳು.
ಕೇಳಿಸಲಿಲ್ಲ.
ಬಲಗಿವಿ. ಹನ್ನೆರಡು ಸಿಲಿಂಡರು ಸೇರಿ ತಿಂದದ್ದು.
ಕಾರ್ಖಾನೆಗೆ ಹೇಳಿರಲಿಲ್ಲ, ಅವಳಿಗೂ.
ಸ್ಟಿಯರಿಂಗ್ ಹಿಡಿದ ಬೆರಳಿಗೆ ಮಾತ್ರ ಕೇಳಿಸುತ್ತಿತ್ತು
ಟಿಕಿಟಿಕಿ, ಟಿಕಿಟಿಕಿ.

ಅವಳು ಬಾಗಿ, ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿ,
ಚಿಕ್ಕ ಹುಡುಗನಿಗೆ ಹೇಳುವ ಹಾಗೆ ಬಿಡಿಸಿ ಬಿಡಿಸಿ ಅಂದಳು:
"ಪೇರ್ ಹಣ್ಣು. ಇಲ್ಲೇ ನಿಲ್ಲಿಸು. ಜಾಗ ಇದೆ."

ಇತ್ತು. ಎರಡು ವ್ಯಾನುಗಳ ನಡುವೆ,
ಒಂದು ಊಟದ ಮೇಜಿನಷ್ಟು.